ಸಂಜೆ ಹೊತ್ತು ಅಳುವ ಕೂಸು



ಹೊಲದ ಕೆಲಸ ಮುಗಿಸಿ, ಮನೆ ಕೆಲಸ ಮುಗಿಸಿ ಕಲಿಕಾ ಕೇಂದ್ರಕ್ಕೆ ಬಂದಿದ್ದೀರಿ. ಕೆಲವರ ಮಡಿಲಲ್ಲಿ ಮಗು ಇದೆ. ಕೆಲವರ ಮಡಿಲಲ್ಲಿ ಮೊಮ್ಮಗು ಇದೆ. ಇವತ್ತು ನಾವು ಈ ಮಕ್ಕಳ ಹೊಟ್ಟೆನೋವಿನ ಬಗ್ಗೆ ಮಾತಾಡೋಣ.

ಮಗು ಹುಟ್ಟಿ ಎರಡು ಮೂರು ವಾರ ಆಗಿರುತ್ತದೆ. ಹಗಲು ಹಾಲು ಕುಡಿಯುತ್ತದೆ, ನಿದ್ದೆ ಮಾಡುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಳು ಶುರು. ಮುಖ ಕೆಂಪಾಗುತ್ತದೆ. ಮುಷ್ಟಿ ಬಿಗಿಯುತ್ತದೆ. ಕಾಲು ಮಡಚಿ ಹೊಟ್ಟೆಗೆ ಒತ್ತಿಕೊಳ್ಳುತ್ತದೆ. ಹೊಟ್ಟೆ ಗಟ್ಟಿಯಾಗುತ್ತದೆ. ಎತ್ತಿಕೊಂಡರೂ ಅಳು. ಮಲಗಿಸಿದರೂ ಅಳು. ಮೊಲೆಗೆ ಹಾಕಿದರೆ ಮುಖ ತಿರುಗಿಸುತ್ತದೆ. ಒಂದು ಸಲ ಗಾಳಿ ಬಿಟ್ಟರೆ ಸ್ವಲ್ಪ ಸುಮ್ಮನಾಗುತ್ತದೆ. ಮತ್ತೆ ಅಳು.

ಆಗ ಮನೆಯಲ್ಲಿ ಏನಾಗುತ್ತದೆ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

“ದೃಷ್ಟಿ ಆಗೈತೆ ಕಣವ್ವ, ನಿವಾಳಿಸು.”

“ನಿನ್ನ ಹಾಲು ಸಾಲ್ತಿಲ್ಲ. ಡಬ್ಬಿ ಹಾಲು ತರ್ಸು.”

“ನೀನು ಬೇಳೆ ಸಾರು ತಿಂದೆ. ಅದಕ್ಕೇ ಕೂಸಿಗೆ ವಾಯು ಆಗೈತೆ.”

“ಹರಳೆಣ್ಣೆ ಕುಡಿಸು, ಹೊಟ್ಟೆ ತೊಳೀತದೆ.”

“ಹೊಟ್ಟೆ ಮೇಲೆ ಬರೆ ಹಾಕ್ಸು, ಸರಿ ಹೋಗ್ತದೆ.”

ಹೆತ್ತವಳು ಎಲ್ಲರ ಮುಖ ನೋಡುತ್ತಾಳೆ. ಅವಳಿಗೂ ಅಳು ಬರುತ್ತದೆ. ಯಾರ ಮಾತು ಕೇಳಬೇಕು? ಯಾವುದರಿಂದ ಕೂಸಿಗೆ ಸುಖ? ಯಾವುದರಿಂದ ಕೇಡು?

ಒಂದು ಮಾತು ಮೊದಲೇ ಹೇಳುತ್ತೇವೆ. ಚೆನ್ನಾಗಿ ಹಾಲು ಕುಡಿದು ಬೆಳೆಯುತ್ತಿರುವ ಕೂಸಿಗೆ ಈ ಅಳುವಿನಿಂದ ಕೇಡಿಲ್ಲ. ಅಳು ನಿಲ್ಲಿಸಲು ಹೋಗಿ ನಾವು ಮಾಡುವ ಕೆಲಸದಿಂದಲೇ ಕೇಡಾಗುವುದು ಹೆಚ್ಚು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಕೇಳಿ.

ಈ ಅಳು ಯಾಕೆ?

ಕೂಸಿನ ಕರುಳು ಇನ್ನೂ ಎಳಸು. ಹಾಲು ಅರಗಿಸುವ ಕೆಲಸ ಅದಕ್ಕೆ ಹೊಸದು. ಹಾಲು ಕುಡಿಯುವಾಗ ಕೂಸು ಗಾಳಿಯನ್ನೂ ನುಂಗುತ್ತದೆ. ಅಳುವಾಗ ಇನ್ನೂ ಹೆಚ್ಚು ನುಂಗುತ್ತದೆ. ಆ ಗಾಳಿ ಒಳಗೆ ಸಿಕ್ಕಿಕೊಂಡರೆ ಹೊಟ್ಟೆ ಉಬ್ಬುತ್ತದೆ.

ಆದರೆ ಗಾಳಿ ಒಂದೇ ಕಾರಣ ಅಲ್ಲ. ಇದೇ ಕಾರಣ ಅಂತ ವೈದ್ಯರೂ ಬೆರಳು ಮಾಡಿ ತೋರಿಸಿಲ್ಲ. ತಾಯಿ ಹಾಲಿನ ಕೂಸೂ ಹೀಗೆ ಅಳುತ್ತದೆ. ಡಬ್ಬಿ ಹಾಲಿನ ಕೂಸೂ ಅಳುತ್ತದೆ. ಹಳ್ಳಿಯ ಕೂಸೂ ಅಳುತ್ತದೆ, ಪೇಟೆಯ ಕೂಸೂ ಅಳುತ್ತದೆ. ಇದರಲ್ಲಿ ತಾಯಿಯ ತಪ್ಪು ಏನೂ ಇಲ್ಲ.

ಡಾಕ್ಟರು ಇದನ್ನು ಕಾಲಿಕ್ ಅಂತಾರೆ. 1954ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಮಾರಿಸ್ ವೆಸೆಲ್ ಇದಕ್ಕೆ ಮೂರರ ಲೆಕ್ಕ ಹೇಳಿದರು. ದಿನಕ್ಕೆ 3 ಗಂಟೆಗಿಂತ ಹೆಚ್ಚು ಅಳು. ವಾರದಲ್ಲಿ 3 ದಿನಕ್ಕಿಂತ ಹೆಚ್ಚು. ಹೀಗೆ 3 ವಾರಕ್ಕಿಂತ ಹೆಚ್ಚು. ಈಗಿನ ಡಾಕ್ಟರು ಅಷ್ಟು ವಾರ ಕಾಯುವುದಿಲ್ಲ. ಆದರೂ ನೆನಪಿಡಲು ಇದು ಸುಲಭದ ಲೆಕ್ಕ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಅಳು ಶುರುವಾಗುವುದು 2 ಅಥವಾ 3ನೇ ವಾರದಲ್ಲಿ. ಹೆಚ್ಚಾಗುವುದು 6ನೇ ವಾರದ ಸುಮಾರಿಗೆ. ಆಮೇಲೆ ಇಳಿಯುತ್ತಾ ಬರುತ್ತದೆ. 3 ಅಥವಾ 4 ತಿಂಗಳು ತುಂಬುವ ಹೊತ್ತಿಗೆ ಬಹಳ ಮಕ್ಕಳಲ್ಲಿ ತಾನೇ ನಿಲ್ಲುತ್ತದೆ. ಮದ್ದು ಕೊಟ್ಟರೂ ನಿಲ್ಲುತ್ತದೆ. ಕೊಡದಿದ್ದರೂ ನಿಲ್ಲುತ್ತದೆ. ಆಗ ಯಾವ ಮದ್ದು ಕೊಟ್ಟಿದ್ದರೋ ಅದಕ್ಕೆ ಹೆಸರು ಬರುತ್ತದೆ!

ಗಾಳಿ ಒಳಗೆ ಹೋಗದ ಹಾಗೆ ಹಾಲು ಕೊಡೋಣ

ಕೂಸು ಜೋರಾಗಿ ಅಳುವ ತನಕ ಕಾಯುವುದು ಬೇಡ. ಕೂಸು ಬಾಯಿ ಚಪ್ಪರಿಸುತ್ತದೆ. ಕೈ ಬಾಯಿಗೆ ಹಾಕಿಕೊಳ್ಳುತ್ತದೆ. ಅದೇ ಹಸಿವಿನ ಗುರುತು. ಆಗಲೇ ಹಾಲು ಕೊಡಿ.

ಕೂಸಿನ ಬಾಯಿ ದೊಡ್ಡದಾಗಿ ತೆರೆಯಬೇಕು. ತೊಟ್ಟು ಮಾತ್ರ ಬಾಯಿಯೊಳಗೆ ಹೋದರೆ ಸಾಲದು. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಹಳಷ್ಟು ಒಳಗೆ ಹೋಗಬೇಕು. ಕೂಸಿನ ಗದ್ದ ಮೊಲೆಗೆ ತಾಗಿರಬೇಕು. ಲೊಚಲೊಚ ಸದ್ದು ಬಂದರೆ ಗಾಳಿ ಹೋಗುತ್ತಿದೆ ಅಂತ ಅರ್ಥ. ಆಗ ಕಿರುಬೆರಳನ್ನು ಬಾಯಿಯ ಮೂಲೆಗೆ ಇಟ್ಟು ನಿಧಾನವಾಗಿ ಬಿಡಿಸಿ. ಮತ್ತೆ ಸರಿಯಾಗಿ ಹಿಡಿಸಿ.

ಕೂಸಿನ ತಲೆ ಹೊಟ್ಟೆಗಿಂತ ಸ್ವಲ್ಪ ಮೇಲೆ ಇರಲಿ. ಒಂದು ಕಡೆ ಹಾಲು ಪೂರ್ತಿ ಕುಡಿಯಲಿ. ಆಮೇಲೆ ಇನ್ನೊಂದು ಕಡೆ ಕೊಡಿ. ಮೊದಲು ಬರುವ ಹಾಲು ನೀರಾಗಿರುತ್ತದೆ. ಆಮೇಲಿನ ಹಾಲಿನಲ್ಲಿ ಜಿಡ್ಡು ಹೆಚ್ಚು. ಎರಡೂ ಕೂಸಿಗೆ ಬೇಕು.

ಯಾವುದೋ ಕಾರಣಕ್ಕೆ ಮೇಲು ಹಾಲು ಕೊಡಬೇಕು ಅಂತ ಡಾಕ್ಟರೇ ಹೇಳಿದ್ದರೆ ಬಾಟಲಿ ಬೇಡ. ಕುದಿಸಿ ತೊಳೆದ ಬಟ್ಟಲು, ಚಮಚ ಸಾಕು. ಬಾಟಲಿಯನ್ನು ಸ್ವಚ್ಛ ಮಾಡುವುದು ಕಷ್ಟ. ಅದರಿಂದ ಭೇದಿ ಬರುತ್ತದೆ.

ಅಳುವ ಕೂಸಿಗೆಲ್ಲ ಹಾಲು ಸಾಲದು ಅಂತ ಅಲ್ಲ. ದಿನಕ್ಕೆ 6 ಸಲ ಅಥವಾ ಹೆಚ್ಚು ಉಚ್ಚೆ ಹೊಯ್ದರೆ, ತೂಕ ಏರುತ್ತಿದ್ದರೆ ಹಾಲು ಸಾಕಾಗಿದೆ. ಡಬ್ಬಿ ಹಾಲು ಬೇಡ. ಡಬ್ಬಿ ಹಾಲು, ಹಾಲಿನ ಬಾಟಲಿಗಳ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾನೂನು ತಡೆದಿದೆ. ತಾಯಿಯ ಹಾಲೇ ಮಗುವಿಗೆ ಒಳ್ಳೆಯದು ಅಂತ ಡಬ್ಬಿಯ ಮೇಲೆ ಅಚ್ಚು ಹಾಕಲೇಬೇಕು ಅಂತಲೂ ಆ ಕಾನೂನು ಹೇಳುತ್ತದೆ. ಮಾರುವವರೇ ಹಾಗೆ ಬರೆಯಬೇಕು ಅಂದ ಮೇಲೆ ನಮಗೆ ಅನುಮಾನ ಯಾಕೆ?

ಹೋದ ಗಾಳಿ ಹೊರಗೆ ಬರಲಿ

ಹಾಲು ಕುಡಿಸಿದ ಮೇಲೆ ತೇಗಿಸಬೇಕು. ಇದಕ್ಕೆ ಮೂರು ದಾರಿ ಇದೆ.

ಮೊದಲನೆಯದು ಹೆಗಲು. ಕೂಸಿನ ಗದ್ದ ನಮ್ಮ ಹೆಗಲ ಮೇಲೆ ಬರಲಿ. ಒಂದು ಕೈ ಕುಂಡಿಯ ಕೆಳಗೆ ಇರಲಿ. ಇನ್ನೊಂದು ಕೈಯಿಂದ ಬೆನ್ನು ಸವರಿ. ಮೆಲ್ಲಗೆ ತಟ್ಟಿ.

ಎರಡನೆಯದು ಮಡಿಲು. ಕೂಸನ್ನು ತೊಡೆಯ ಮೇಲೆ ಕೂರಿಸಿ. ಒಂದು ಅಂಗೈಯಲ್ಲಿ ಎದೆ ಮತ್ತು ಗದ್ದಕ್ಕೆ ಆಸರೆ ಕೊಡಿ. ಕುತ್ತಿಗೆ ಅಮುಕಬಾರದು. ಸ್ವಲ್ಪ ಮುಂದಕ್ಕೆ ಬಾಗಿಸಿ ಬೆನ್ನು ಸವರಿ.

ಮೂರನೆಯದು ತೊಡೆ. ಎರಡೂ ತೊಡೆಯ ಮೇಲೆ ಅಡ್ಡಲಾಗಿ ಕೂಸನ್ನು ಬೋರಲು ಮಲಗಿಸಿ. ತಲೆ ಸ್ವಲ್ಪ ಮೇಲಿರಲಿ. ಮುಖ ಪಕ್ಕಕ್ಕೆ ಇರಲಿ. ಬೆನ್ನು ಸವರಿ.

5ರಿಂದ 10 ನಿಮಿಷ ಹೀಗೆ ಮಾಡಿ. ತೇಗು ಬರದಿದ್ದರೆ ಚಿಂತೆ ಬೇಡ. ಪ್ರತಿ ಸಲವೂ ತೇಗು ಬರುವುದಿಲ್ಲ. ತೇಗಿನ ಜೊತೆ ಸ್ವಲ್ಪ ಹಾಲು ಬಂದರೂ ಹೆದರಬೇಡಿ.

ಗಾಳಿ ಕೆಳಗೆ ಸಿಕ್ಕಿಕೊಂಡಿದ್ದರೆ ಹೊಟ್ಟೆ ನೀವಬಹುದು. ಹಾಲು ಕುಡಿಸಿ ಅರ್ಧ ಗಂಟೆಯಾದರೂ ಆಗಿರಬೇಕು. ಕೈ ತೊಳೆದುಕೊಳ್ಳಿ. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಕೂಸನ್ನು ಅಂಗಾತ ಮಲಗಿಸಿ. ಹೊಕ್ಕುಳ ಸುತ್ತ ಬೆರಳು ಸುತ್ತಿಸಿ.

ಯಾವ ಕಡೆಗೆ ಸುತ್ತಿಸಬೇಕು? ಗಡಿಯಾರದ ಮುಳ್ಳು ತಿರುಗುವ ಕಡೆಗೆ. ಗುಡಿಗೆ ಪ್ರದಕ್ಷಿಣೆ ಹಾಕುತ್ತೇವಲ್ಲ, ಅದೇ ಕಡೆಗೆ. ಯಾಕೆಂದರೆ ದೊಡ್ಡ ಕರುಳು ಇರುವುದೇ ಹಾಗೆ. ಅದು ಕೂಸಿನ ಬಲಗಡೆ ಮೇಲಕ್ಕೆ ಹೋಗುತ್ತದೆ. ಹೊಟ್ಟೆಯ ಅಡ್ಡ ಹಾಯುತ್ತದೆ. ಎಡಗಡೆ ಕೆಳಕ್ಕೆ ಇಳಿಯುತ್ತದೆ. ಅದೇ ದಾರಿಯಲ್ಲಿ ನೀವಿದರೆ ಗಾಳಿ ಮುಂದೆ ಸಾಗುತ್ತದೆ. ಒತ್ತಿ ತಿಕ್ಕಬೇಡಿ. ಹೊಕ್ಕುಳ ಬಳ್ಳಿ ಬಿದ್ದು ಒಣಗುವ ತನಕ ಹೊಟ್ಟೆ ನೀವುವುದು ಬೇಡ.

ಆಮೇಲೆ ಎರಡು ಕಾಲು ಹಿಡಿದು ಸೈಕಲ್ ತುಳಿಸಿದ ಹಾಗೆ ಆಡಿಸಿ. ಮೊಣಕಾಲು ಮಡಚಿ ಮೆಲ್ಲಗೆ ಹೊಟ್ಟೆಯ ಕಡೆ ತನ್ನಿ. ಬಿಡಿ. ನಾಲ್ಕಾರು ಸಲ ಮಾಡಿ. ಕೂಸಿಗೆ ಬೇಡವಾದರೆ ನಿಲ್ಲಿಸಿ.

ನಮ್ಮ ಮುಂದೋಳಿನ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡು ಓಡಾಡಬಹುದು. ಎದೆಗೆ ಅವಚಿಕೊಂಡು ತೂಗಬಹುದು. ಜೋಗುಳ ಹಾಡಬಹುದು. ದೀಪ ಸಣ್ಣಗೆ ಮಾಡಿ, ಗಲಾಟೆ ಕಡಿಮೆ ಮಾಡಿದರೂ ಕೂಸಿಗೆ ಹಿತ. ನಿದ್ದೆ ಬಂದ ಮೇಲೆ ಮಾತ್ರ ಅಂಗಾತವೇ ಮಲಗಿಸಬೇಕು. ಬೋರಲು ಮಲಗಿಸಿ ನಿದ್ದೆ ಮಾಡಿಸಬಾರದು. ಉಸಿರು ಕಟ್ಟುವ ಅಪಾಯ ಇದೆ.

ಇಷ್ಟು ಮಾಡಿದರೆ ಅಳು ಪೂರ್ತಿ ನಿಲ್ಲುತ್ತದೆಯೇ? ಹಾಗೆ ನಾವು ಹೇಳುವುದಿಲ್ಲ. ಕೂಸಿಗೆ ಸ್ವಲ್ಪ ಹಿತವಾಗುತ್ತದೆ. ಕೇಡಂತೂ ಆಗುವುದಿಲ್ಲ.

ಬಾಯಿಗೆ ಏನೂ ಹಾಕಬೇಡಿ

6 ತಿಂಗಳ ತನಕ ಕೂಸಿಗೆ ತಾಯಿಯ ಹಾಲು ಮಾತ್ರ. ನೀರೂ ಬೇಡ. ಡಾಕ್ಟರು ಬರೆದುಕೊಟ್ಟ ಔಷಧಿ ಇದ್ದರೆ ಅದು ಬೇರೆ ಮಾತು.

ಹರಳೆಣ್ಣೆ ಬೇಡ. ಅದರಿಂದ ಭೇದಿ ಆಗುತ್ತದೆ, ಮೈಯ ನೀರು ಹೋಗುತ್ತದೆ. ಅಳುವ ಕೂಸಿನ ಬಾಯಿಗೆ ಒಳಲೆಯಲ್ಲಿ ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಆಗ ನ್ಯುಮೋನಿಯಾ ಆಗುತ್ತದೆ. ಮೂಗಿಗೂ ಎಣ್ಣೆ ಬಿಡಬೇಡಿ.

ಜೇನುತುಪ್ಪ ಬೇಡ. ಒಂದು ವರ್ಷ ತುಂಬುವ ತನಕ ನೆಕ್ಕಿಸಲೇಬಾರದು. ಜೇನಿನಲ್ಲಿ ಇರಬಹುದಾದ ಒಂದು ಕ್ರಿಮಿ ಕೂಸಿನ ಕರುಳಲ್ಲಿ ವಿಷ ಮಾಡುತ್ತದೆ. ಕೂಸು ಸೋತು ಬೀಳುತ್ತದೆ.

ಬಜೆ, ಜಾಯಿಕಾಯಿ ತೇದು ನೆಕ್ಕಿಸುವುದು ಬೇಡ. ಎಷ್ಟು ತೇದರೆ ಎಷ್ಟು ಹೋಯಿತು ಅಂತ ಅಳತೆ ಇಲ್ಲ. ಬಜೆ ಹೆಚ್ಚಾದರೆ ವಾಂತಿ ಆಗುತ್ತದೆ. ಜಾಯಿಕಾಯಿ ಹೆಚ್ಚಾದರೆ ಮಂಪರು ಬರುತ್ತದೆ. ಕೂಸು ಸುಮ್ಮನಾಯಿತು ಅಂತ ನಾವು ತಿಳಿಯುತ್ತೇವೆ.

ಗ್ರೈಪ್ ವಾಟರ್ ಬಗ್ಗೆ ಬಹಳ ಜನ ಕೇಳುತ್ತೀರಿ. ಅದನ್ನು 1851ರಲ್ಲಿ ಇಂಗ್ಲೆಂಡಿನಲ್ಲಿ ಮಾಡಿದರು. ಆಗ ಅದರಲ್ಲಿ ಸಬ್ಬಸಿಗೆ ಎಣ್ಣೆ, ಅಡುಗೆ ಸೋಡಾ, ಸಕ್ಕರೆ ಇತ್ತು. ಜೊತೆಗೆ ಮದ್ಯಸಾರವೂ ಇತ್ತು! ಆಮೇಲೆ ಮದ್ಯಸಾರವನ್ನು ತೆಗೆದರು. ಅದರಿಂದ ಹೊಟ್ಟೆನೋವು ಹೋಗುತ್ತದೆ ಅನ್ನಲು ಒಳ್ಳೆಯ ಆಧಾರ ಇಲ್ಲ. ಸಿಹಿಯ ರುಚಿಗೆ ಕೂಸು ಒಂದು ಗಳಿಗೆ ಸುಮ್ಮನಾಗಬಹುದು. ಆ ದುಡ್ಡಿಗೆ ತಾಯಿಗೆ ಮೊಟ್ಟೆ ತನ್ನಿ.

ದೊಡ್ಡವರ ಹೊಟ್ಟೆನೋವಿನ ಔಷಧಿಯನ್ನು ಒಂದು ಹನಿಯೂ ಕೊಡಬೇಡಿ. ಡೈಸೈಕ್ಲೋಮಿನ್ ಎಂಬ ಔಷಧಿ ಇದೆ. 6 ತಿಂಗಳ ಒಳಗಿನ ಕೂಸಿನ ಉಸಿರನ್ನೇ ಅದು ನಿಲ್ಲಿಸಬಹುದು. ನಾವು ಈಗ ಅಕ್ಷರ ಕಲಿತಿದ್ದೇವೆ. ಬಾಟಲಿಯ ಮೇಲಿನ ಚೀಟಿ ನೋಡೋಣ. ಇಂಗ್ಲಿಷಿನಲ್ಲಿ ಇದ್ದರೆ ಶಾಲೆಗೆ ಹೋಗುವ ಮಕ್ಕಳ ಹತ್ತಿರ, ಅಂಗನವಾಡಿ ಟೀಚರ್ ಹತ್ತಿರ ಓದಿಸೋಣ. ಏನಿದೆ ಅಂತ ಗೊತ್ತಿಲ್ಲದ ಔಷಧಿಯನ್ನು ಕೂಸಿನ ಬಾಯಿಗೆ ಹಾಕುವುದು ಬೇಡ.

ಬರೆ ಬೇಡವೇ ಬೇಡ

ಬಳೆ ಕಾಸಿ, ಕಬ್ಬಿಣ ಕಾಸಿ ಕೂಸಿನ ಹೊಟ್ಟೆಯ ಮೇಲೆ ಇಡುವ ಪದ್ಧತಿ ಇನ್ನೂ ಕೆಲವು ಕಡೆ ಉಳಿದಿದೆ. ಅಡುಗೆ ಮಾಡುವಾಗ ಒಂದು ಹನಿ ಬಿಸಿ ಎಣ್ಣೆ ನಮ್ಮ ಕೈ ಮೇಲೆ ಹಾರಿದರೆ ಎಷ್ಟು ಉರಿಯುತ್ತದೆ! ಕೂಸಿನ ಚರ್ಮ ನಮ್ಮ ಚರ್ಮಕ್ಕಿಂತ ತೆಳು. ಸುಟ್ಟ ಗಾಯ ಕೀವಾಗುತ್ತದೆ. ನಂಜು ರಕ್ತಕ್ಕೆ ಸೇರುತ್ತದೆ. ಕೂಸು ಸಾಯಲೂಬಹುದು. ಇನ್ನೂ ಒಂದು ಕೇಡು ಇದೆ. ಬರೆ ಹಾಕಿಸಿದೆವು ಅಂತ ನಾವು ಸುಮ್ಮನಿರುತ್ತೇವೆ. ಒಳಗೆ ನಿಜವಾದ ಕಾಯಿಲೆ ಇದ್ದರೆ ಅದು ಬೆಳೆಯುತ್ತದೆ. ಬರೆ ಹಾಕುವುದು ಕಾನೂನಿನಲ್ಲೂ ಅಪರಾಧ.

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ತಂಗಿಯ ಮಾತು ಹೇಳುತ್ತೇವೆ. ಅವಳದು ಚೊಚ್ಚಲ ಕೂಸು. ಸಂಜೆ ಆದರೆ ಅಳು. ಬರೆ ಹಾಕಿಸೋಣ ಅಂತ ಅತ್ತೆ ಹಟ ಹಿಡಿದರು. ಆ ತಂಗಿ ಆಗ ತಾನೇ ಹೆಸರು ಬರೆಯಲು, ಅಂಕಿ ಬರೆಯಲು ಕಲಿತಿದ್ದಳು. ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದಳು. ಅತ್ತ ದಿನ ಒಂದು ಗೆರೆ. ಬಹಳ ಅತ್ತ ದಿನ ಎರಡು ಗೆರೆ.

42ನೇ ದಿನ ಆಶಾ ಬಂದರು. ಕ್ಯಾಲೆಂಡರ್ ನೋಡಿದರು. ಕೂಸನ್ನು ತೂಗಿದರು. ತೂಕ ಏರಿತ್ತು. “ಅಮ್ಮ, ಕೂಸು ಹಾಲು ಕುಡೀತೈತೆ, ಬೆಳೀತೈತೆ. ಇನ್ನೊಂದು ತಿಂಗಳು ತಾಳ್ಕೊಳ್ಳಿ. ಗೆರೆ ಕಮ್ಮಿ ಆಗದಿದ್ರೆ ನಾನೇ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ” ಅಂದರು. ಅತ್ತೆ ತಾಳಿದರು. ದಿನಾ ಸಂಜೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗಾಡಿದರು. ಎರಡು ಗೆರೆ ಒಂದಾಯಿತು. ನಾಲ್ಕನೇ ತಿಂಗಳ ಹಾಳೆಯಲ್ಲಿ ಗೆರೆಯೇ ಇಲ್ಲ.

ಹಿರಿಯರು ಹೇಳಿದ್ದೆಲ್ಲ ತಪ್ಪೇ? ಅಲ್ಲ. ಎಣ್ಣೆ ಸವರುವುದು, ಜೋಗುಳ, ತೊಟ್ಟಿಲು, ಹೆಗಲು, ಇದೆಲ್ಲ ಅಜ್ಜಿಯರು ಕಲಿಸಿದ್ದೇ. ನಾವು ಮೊರದಲ್ಲಿ ಅಕ್ಕಿ ಕೇರುತ್ತೇವೆ. ಕಾಳು ಉಳಿಸಿ ಹೊಟ್ಟು ತೂರುತ್ತೇವೆ. ಇಲ್ಲೂ ಹಾಗೇ ಮಾಡೋಣ.

ಬಾಣಂತಿ ಹೊಟ್ಟೆ ತುಂಬ ಉಣ್ಣಲಿ

ಬೇಳೆ ತಿಂದರೆ ವಾಯು, ಸೊಪ್ಪು ತಿಂದರೆ ಭೇದಿ, ಮೊಟ್ಟೆ ತಿಂದರೆ ಉಷ್ಣ ಅಂತ ಬಾಣಂತಿಗೆ ಬರೀ ಅನ್ನ, ಬೆಳ್ಳುಳ್ಳಿ ಸಾರು ಹಾಕುವ ಮನೆಗಳಿವೆ. ತಾಯಿಯ ಹೊಟ್ಟೆಯ ಗಾಳಿ ಹಾಲಿಗೆ ಬರುವುದಿಲ್ಲ. ಹಾಲು ಆಗುವುದು ರಕ್ತದಿಂದ. ಗಾಳಿಯಿಂದ ಅಲ್ಲ. ಬೇಳೆ, ಸೊಪ್ಪು, ಮೊಟ್ಟೆ, ರಾಗಿ, ಹಾಲು ಎಲ್ಲ ಬೇಕು. ಬಾಯಾರಿದಾಗೆಲ್ಲ ನೀರು ಬೇಕು.

ನಮ್ಮ ರಾಜ್ಯದಲ್ಲಿ 2017ರಲ್ಲಿ ಮಾತೃಪೂರ್ಣ ಯೋಜನೆ ಬಂತು. ಬಸುರಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿ ಊಟ ಕೊಡುವ ಯೋಜನೆ ಅದು. ವಾಯು ಆಗುತ್ತದೆ ಅಂತ ಹೆದರಿ ಆ ಊಟ ಬಿಡಬೇಡಿ.

ಬೀಡಿ ಸೇದುವವರು ಕೂಸು ಇರುವ ಮನೆಯೊಳಗೆ ಸೇದಬಾರದು. ಕೂಸಿಗೆ ಹೊಗೆ ಹಾಕುವುದೂ ಬೇಡ.

ಯಾವಾಗ ಆಸ್ಪತ್ರೆಗೆ ಓಡಬೇಕು?

ಎಲ್ಲ ಅಳುವೂ ವಾಯುವಿನ ಅಳು ಅಲ್ಲ. ಈ ಗುರುತುಗಳನ್ನು ಎರಡು ಸಲ ಓದಿ.

ಕೂಸು ಹಾಲು ಕುಡಿಯುವುದನ್ನೇ ಬಿಟ್ಟಿದೆ.
ಮೈ ಸುಡುತ್ತಿದೆ, ಅಥವಾ ತಣ್ಣಗಾಗಿದೆ.
ಹಸಿರು ವಾಂತಿ ಆಗುತ್ತಿದೆ.
ಕುಡಿದ ಹಾಲೆಲ್ಲ ಪ್ರತಿ ಸಲ ದೂರಕ್ಕೆ ಚಿಮ್ಮುತ್ತಿದೆ.
ಮಲದಲ್ಲಿ ರಕ್ತ ಇದೆ, ಅಥವಾ ಕೆಂಪು ಲೋಳೆ ಇದೆ.
ಹೊಟ್ಟೆ ಉಬ್ಬಿ ಬಿಗಿಯಾಗಿಯೇ ಇದೆ.
ತೊಡೆಯ ಸಂದಿನಲ್ಲಿ ಗಂಟು ಬಂದಿದೆ.
ಉಸಿರು ಜೋರಾಗಿದೆ. ಒಂದು ನಿಮಿಷಕ್ಕೆ 60 ಅಥವಾ ಹೆಚ್ಚು ಇದೆ.
ನೆತ್ತಿ ಉಬ್ಬಿದೆ, ಅಥವಾ ಗುಳಿ ಬಿದ್ದಿದೆ.
ಫಿಟ್ಸ್ ಬಂದಿದೆ.
ಕೂಸು ಮಂಕಾಗಿದೆ, ಎಬ್ಬಿಸಿದರೂ ಏಳುತ್ತಿಲ್ಲ.

ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ದಾರಿಯಲ್ಲಿ ಕೂಸನ್ನು ಎದೆಗೆ ಅವಚಿ ಬೆಚ್ಚಗೆ ಇಟ್ಟುಕೊಳ್ಳಿ. ತಾಯಿ ಕಾರ್ಡು ಜೊತೆಯಲ್ಲಿರಲಿ.

ಆಸ್ಪತ್ರೆಯಲ್ಲಿ ಹೆರಿಗೆ ಆದವರ ಮನೆಗೆ ಆಶಾ 6 ಸಲ ಬರಬೇಕು. 3, 7, 14, 21, 28, 42ನೇ ದಿನ. ಈ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಬಂದಾಗ ಎಲ್ಲ ಕೇಳಿ. ಕೇಳಲು ನಾಚಿಕೆ ಬೇಡ.

ತಾಯಿಗೂ ಸುಸ್ತು

ದಿನಾ ಮೂರು ಗಂಟೆ ಅಳು ಕೇಳಿದರೆ ಎಂಥ ತಾಯಿಗೂ ಸಾಕಾಗುತ್ತದೆ. ಸಿಟ್ಟು ಬರುತ್ತದೆ. ಸಿಟ್ಟು ಬಂತು ಅಂತ ನೀವು ಕೆಟ್ಟ ತಾಯಿ ಅಲ್ಲ. ಆದರೆ ಸಿಟ್ಟಿನಲ್ಲಿ ಕೂಸನ್ನು ಕುಲುಕಬೇಡಿ. ಎಳೆ ತಲೆ ಅಲುಗಿದರೆ ಮಿದುಳಿನಲ್ಲಿ ರಕ್ತ ಸೋರುತ್ತದೆ. ಕೂಸು ಕುರುಡಾಗಬಹುದು, ಸಾಯಬಹುದು.

ತಾಳಲು ಆಗದಿದ್ದರೆ ಕೂಸನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ. ಹತ್ತಿರದಲ್ಲೇ ಐದು ನಿಮಿಷ ಹೊರಗೆ ನಿಲ್ಲಿ. ಮುಖ ತೊಳೆಯಿರಿ. ಯಾರನ್ನಾದರೂ ಕರೆಯಿರಿ. ಗಂಡನ ಕೈಗೆ ಕೊಡಿ. ಹಾಲು ಕೊಡಲು ಮಾತ್ರ ತಾಯಿ ಬೇಕು. ಹೆಗಲು ಕೊಡಲು ಅಪ್ಪನಿಗೂ ಬರುತ್ತದೆ, ಅಜ್ಜನಿಗೂ ಬರುತ್ತದೆ. ಅಕ್ಕಪಕ್ಕದ ಮನೆಯವರೇ, ಸಂಜೆ ಅಳು ಕೇಳಿದರೆ “ಯಾಕೆ ಹಾಗೆ ಅಳಿಸ್ತೀಯ?” ಅನ್ನಬೇಡಿ. “ಕೊಡವ್ವ, ಅರ್ಧ ಗಂಟೆ ನಾನು ಎತ್ಕೋತೀನಿ” ಅನ್ನಿ.

ತಾಯಿಗೆ ಎರಡು ವಾರ ಆದರೂ ಅಳು ನಿಲ್ಲದಿದ್ದರೆ, ಬದುಕು ಬೇಡ ಅನ್ನಿಸಿದರೆ, ಅದೂ ಒಂದು ಕಾಯಿಲೆ. ಅದಕ್ಕೆ ಮದ್ದು ಇದೆ. ಅವಳನ್ನು ಬೈಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗ ಒಂದು ಕೆಲಸ ಮಾಡೋಣ. ಎಲ್ಲರೂ ಸ್ಲೇಟು ತೆಗೆಯಿರಿ. 108 ಅಂತ ಬರೆಯಿರಿ. ನಿಮ್ಮ ಊರಿನ ಆಶಾ ಅವರ ಹೆಸರು ಬರೆಯಿರಿ. ಅವರ ಫೋನ್ ನಂಬರ್ ಬರೆಯಿರಿ. ಮನೆಗೆ ಹೋಗಿ ಇದನ್ನೇ ಗೋಡೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಬರೆಯಿರಿ. ಇವತ್ತಿನ ಪಾಠವನ್ನು ಅತ್ತೆಗೆ, ಅಮ್ಮನಿಗೆ, ಗಂಡನಿಗೆ ಓದಿ ಹೇಳಿ.

ನಮ್ಮ ಭಾಷೆಯಲ್ಲಿ ‘ಬರೆ’ ಅಂದರೆ ಎರಡು ಅರ್ಥ. ಸುಡುವುದೂ ಬರೆ, ಅಕ್ಷರ ಬರೆಯುವುದೂ ಬರೆ. ಕೂಸಿನ ಮೈ ಮೇಲೆ ಬರೆ ಬೇಡ. ಗೋಡೆ ಮೇಲೆ ಬರೆ, ಹಾಳೆ ಮೇಲೆ ಬರೆ.